ಹೆದ್ದಾರಿ ಮತ್ತು ನಮ್ಮ ಹಾಲು
(ಭಾನುವಳ್ಳಿಯ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಾಲ್ಲೂಕಿನಲ್ಲಿ ಎರಡು ದೊಡ್ಡ ರಸ್ತೆಗಳು ಹಾಯ್ದಿವೆ. ಹೊಸಪೇಟೆ–ಶಿವಮೊಗ್ಗ ರಸ್ತೆ ಒಂದು. ಪುಣೆ–ಬೆಂಗಳೂರು ಹೆದ್ದಾರಿ ಇನ್ನೊಂದು. ಹಿಂದೆ 4ನೇ ನಂಬರಿನದು, ಈಗ 48. ಅದು ಮುಂಬಯಿ, ಚೆನ್ನೈ ಬಂದರುಗಳಿಗೂ ಸರಕು ಸಾಗುವ ದಾರಿ.

ಕಬ್ಬಿಣ, ಬಟ್ಟೆ ಒಂದು ದಿನ ತಡವಾದರೂ ಕೆಡುವುದಿಲ್ಲ. ಹಾಲು ಹಾಗಲ್ಲ. ಬೆಚ್ಚಗಿರುವಷ್ಟು ಹೊತ್ತೂ ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. 4 ಡಿಗ್ರಿಗೆ ತಣಿಸಿದರೆ ಬೆಳವಣಿಗೆ ನಿಧಾನವಾಗುತ್ತದೆ. ಕೊಟ್ಟಿಗೆಯಲ್ಲಿ ಕಳೆದ ಒಂದು ಗಂಟೆಯನ್ನು ಯಾವ ಹೆದ್ದಾರಿಯೂ ಮರಳಿಸಲಾರದು. ಒಬ್ಬರ ಹುಳಿ ಹಾಲು ಕ್ಯಾನಿಗೆ ಬಿದ್ದರೆ ನೆರೆಯವರ ಹಾಲೂ ಹಾಳು.

ಆದ್ದರಿಂದ ತೊಳೆದ ಪಾತ್ರೆಯಲ್ಲಿ ಕರೆದು, ಕೂಡಲೇ ಸಂಘಕ್ಕೆ ತನ್ನಿ. ಹಾಲಿನ ವಾಹನ ಬರುವ ಊರರಸ್ತೆಯ ಗುಂಡಿಗಳನ್ನು ಮಳೆಗಾಲಕ್ಕೆ ಮುನ್ನವೇ ಮುಚ್ಚಿಸಲು ಗ್ರಾಮ ಪಂಚಾಯಿತಿಯನ್ನು ಕೇಳಿ. ದೊಡ್ಡ ರಸ್ತೆಯನ್ನು ಸರ್ಕಾರ ನೋಡಿಕೊಳ್ಳಲಿ. ಕೊಟ್ಟಿಗೆಯಿಂದ ಸಂಘದವರೆಗಿನ ದಾರಿ ನಮ್ಮ ಜವಾಬ್ದಾರಿ.