ಬಗ್ ಹಿಡಿಯಲು ಕೋಡ್ ಬರಬೇಕೆ?



ಗಮಕ, ಯಕ್ಷಗಾನಗಳ ಬಗ್ಗೆ ಕೇಳಿ ರೂಢಿಯಿರುವ ಸಭೆಯಲ್ಲಿ ಸಾಫ್ಟ್‌ವೇರಿನ ಮಾತು ತೆಗೆದರೆ ಅರ್ಧ ಜನ ಕಾಫಿಗೆ ಎದ್ದುಬಿಟ್ಟಾರು ಎಂಬ ಅಳುಕು ನನಗಿದೆ. ಏಳುವ ಮುಂಚೆ ಒಂದು ಮಾತು ಕೇಳಿಸಿಕೊಳ್ಳಿ: ಬಗ್, ಅಂದರೆ ಸಾಫ್ಟ್‌ವೇರಿನ ತಪ್ಪು, ಹಿಡಿಯುವ ಕೆಲಸದ ದೊಡ್ಡ ಪಾಲಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ.

ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ಬಗ್ಗೂ ಬಹುಕಾಲ ಅಡಗಿರಲಾರದು ಎಂದು ಅಮೆರಿಕದ ಪ್ರೋಗ್ರಾಮರ್ ಎರಿಕ್ ರೇಮಂಡ್ 1997ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ವಾದಿಸಿದರು. ಯಾರು ಬೇಕಾದರೂ ಕೋಡ್ ಓದಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್ ಬೆಳೆದ ಬಗೆಯನ್ನು ಕಂಡು ಹೇಳಿದ ಮಾತು ಅದು. ಕೇಳಲು ಹಿತವಾಗಿದೆ. ಆದರೆ 2014ರ ಏಪ್ರಿಲ್‌ನಲ್ಲಿ, ಜಾಲತಾಣಗಳ ಸಂಪರ್ಕವನ್ನು ಗುಟ್ಟಾಗಿಡುವ ಅಂಥದೇ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬೆಳಕಿಗೆ ಬರುವ ಹೊತ್ತಿಗೆ ಅದು ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ನೆಂಟರು ಬರುವುದಿಲ್ಲ.

ಹಾಗಾದರೆ ಬಗ್ ಸರಿಹೋಗುವುದು ಹೇಗೆ? ಬರಹ, ಲೆಕ್ಕಪಟ್ಟಿಗಳಿಗೆ ಬಳಸುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ನಿಮ್ಮಲ್ಲಿ ಹಲವರ ಕಂಪ್ಯೂಟರಿನಲ್ಲಿದೆ. 2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದು ಬಂದದ್ದು. ಅಲ್ಲಿ ಯಾರಾದರೂ ಒಂದು ತಪ್ಪು ವರದಿ ಮಾಡಿದರೆ ಅದಕ್ಕೆ ಮೊದಲು ಬೀಳುವ ಮುದ್ರೆ ‘ಇನ್ನೂ ಖಚಿತವಾಗಿಲ್ಲ’ ಎಂಬುದು. ಇನ್ನೊಬ್ಬರು, ಬೇರೊಂದು ಕಂಪ್ಯೂಟರಿನಲ್ಲಿ, ವರದಿಯಲ್ಲಿ ಹೇಳಿದ ಹೆಜ್ಜೆಗಳನ್ನೇ ಅನುಸರಿಸಿ, ‘ಹೌದು, ನನಗೂ ಹೀಗೇ ಆಗುತ್ತಿದೆ’ ಎಂದ ಮೇಲೆಯೇ ಅದು ಮುಂದಕ್ಕೆ ಹೋಗುವುದು. ಈ ‘ನನಗೂ’ ಎನ್ನುವವರ ಕೊರತೆಯೇ ದೊಡ್ಡದು. ‘ನಿಮ್ಮ ಸಾಫ್ಟ್‌ವೇರ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿನ ಗೊಣಗಾಟ ಇಟ್ಟುಕೊಂಡು ಯಾವ ಡೆವಲಪರೂ ಏನೂ ಮಾಡಲಾರ.

ಅಲ್ಲಿಯೇ ಬಿಬಿಸೆಕ್ಟ್ ಎಂಬ ಒಂದು ಉಪಾಯವಿದೆ. ಅದನ್ನು ಕಂಡುಹಿಡಿದವರಿಗೆ ಕೈಮುಗಿಯಬೇಕು. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈಗ ಕೆಟ್ಟಿದೆ ಎನ್ನಿ. ನಡುವೆ ಸಾವಿರ ಬದಲಾವಣೆಗಳಾಗಿವೆ. ಆ ಒಂದೊಂದು ಹಂತದ ಪ್ರೋಗ್ರಾಮನ್ನೂ ಸಿದ್ಧವಾಗಿಯೇ ಕಟ್ಟಿಟ್ಟಿರುತ್ತಾರೆ. ನೀವು ಸರಿಯಾಗಿ ನಡುವಿನದನ್ನು ತೆರೆದು ನಿಮ್ಮ ಕಡತ ಹಾಕಿ ನೋಡುತ್ತೀರಿ. ಸರಿಯಿದ್ದರೆ ‘ಗುಡ್’ ಎಂದು ಬರೆಯುತ್ತೀರಿ, ಕೆಟ್ಟಿದ್ದರೆ ‘ಬ್ಯಾಡ್’. ಹುಡುಕುವ ಹರಹು ಅರ್ಧಕ್ಕಿಳಿಯಿತು. ಉಳಿದರ್ಧದ ನಡುವಿನದು, ಮತ್ತೆ ಅದರ ಅರ್ಧ. ಸುಮಾರು ಹತ್ತು ಸಲ ಹೀಗೆ ಮಾಡಿದರೆ ತಪ್ಪು ಯಾವ ಬದಲಾವಣೆಯಿಂದ ಹುಟ್ಟಿತು ಎಂದು ಬೆರಳಿಟ್ಟು ತೋರಿಸಬಹುದು. ಕೋಡಿನ ಒಂದು ಸಾಲನ್ನೂ ಓದಬೇಕಿಲ್ಲ. ತಾಳ್ಮೆಯಿರುವ ನಿವೃತ್ತ ಗುಮಾಸ್ತರೊಬ್ಬರು ಒಂದು ಮಧ್ಯಾಹ್ನ ಕುಳಿತು ಇದನ್ನು ಮಾಡಿಕೊಟ್ಟರೆ, ಎಲ್ಲೋ ಒಬ್ಬ ಡೆವಲಪರನ ಎಷ್ಟೋ ದಿನದ ತಡಕಾಟ ತಪ್ಪುತ್ತದೆ.

ಇನ್ನು ನಮ್ಮ ಲಿಪಿಯ ವಿಷಯ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತು ಬರಬೇಕು. ‘ರ‍್ಯಾಂಕ್’ ಎಂದು ಬರೆಯುವಾಗ ಬರಬಾರದು, ರ ಪೂರ್ತಿಯಾಗಿ ನಿಂತು ಅದರ ಕೆಳಗೆ ಯ ಒತ್ತಾಗಬೇಕು. ಎರಡರಲ್ಲೂ ವ್ಯಂಜನಗಳು ಅವೇ. ವ್ಯತ್ಯಾಸ ತೋರಿಸಲು ಯುನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಜಾಯಿನರ್ ಚಿಹ್ನೆಯನ್ನು ನಡುವೆ ಸೇರಿಸಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶದೊಳಗೆ ಇದೇ ರ ಮತ್ತು ಜಾಯಿನರ್ ಸಲುವಾಗಿ ಕನ್ನಡಕ್ಕೆಂದೇ ಬರೆದ ಕೆಲವು ಸಾಲುಗಳಿವೆ. ಅದರ ಮುಖ್ಯ ರೂವಾರಿ ಬೆಹ್ದಾದ್ ಎಸ್ಫಹಬೋದ್ ಇರಾನ್ ಮೂಲದವರು. ‘ರ‍್ಯಾಂಕ್’ ತಪ್ಪಾಗಿ ಮೂಡಿದೆ ಎಂದು ಅವರಂಥವರಿಗೆ ತಾನಾಗಿ ಹೊಳೆಯುವುದು ಸಾಧ್ಯವೇ? ಎರಡನೇ ತರಗತಿಯ ಕನ್ನಡ ಮೇಷ್ಟ್ರಿಗೆ ಒಂದು ಕ್ಷಣದಲ್ಲಿ ಹೊಳೆಯುತ್ತದೆ. ಆದರೆ ಮೇಷ್ಟ್ರು ‘ಕಂಪ್ಯೂಟರ್ ಕನ್ನಡವೇ ಇಷ್ಟು’ ಎಂದು ಸುಮ್ಮನಾಗುತ್ತಾರೆ.

ಹಾಗೆಂದು ಸುಮ್ಮನೆ ಜನ ಸೇರಿಸಿದರೂ ಆಗದು. ಮುಕ್ತ ತಂತ್ರಾಂಶಗಳಿಗೆ ತಿದ್ದುಪಡಿ ಕಳಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಸ್ಪರ್ಧೆ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. 2020ರಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಎಂದಿತ್ತು. ಪರಿಚಯ ಪುಟಕ್ಕೆ ‘ಅಮೇಜಿಂಗ್ ಪ್ರಾಜೆಕ್ಟ್’ ಎಂಬೆರಡು ಪದ ಸೇರಿಸಿ ಅದನ್ನೇ ತಿದ್ದುಪಡಿ ಎಂದು ಕಳಿಸಿದವರ ಪ್ರವಾಹವೇ ಹರಿಯಿತು; ನಮ್ಮ ದೇಶದ ಹುಡುಗರೂ ಅದರಲ್ಲಿದ್ದರು. ಯೋಜನೆ ನಡೆಸುವವರು ಕಸ ಗುಡಿಸಿ ಸುಸ್ತಾದರು. ಒಪ್ಪಿಗೆ ಕೊಟ್ಟ ಯೋಜನೆಗಳಿಗಷ್ಟೇ ಸ್ಪರ್ಧೆ ಎಂದು ಆಯೋಜಕರು ಆ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಾಯಿಸಬೇಕಾಯಿತು. ಬಹುಮಾನಕ್ಕೆ ಬಂದವರನ್ನು ನಾನು ಸಮುದಾಯ ಎನ್ನಲಾರೆ.

ಸುಸ್ತಾದ ನಿರ್ವಾಹಕನ ಅಪಾಯ ಏನೆಂಬುದು 2024ರ ಮಾರ್ಚಿನಲ್ಲಿ ಗೊತ್ತಾಯಿತು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ಸಲಕರಣೆಯನ್ನು ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ನೆರವಿನ ನೆಪದಲ್ಲಿ ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದವರು ಅದರಲ್ಲಿ ಕಳ್ಳದಾರಿ ಕೊರೆದರು. ಅದು ಸಿಕ್ಕಿಬಿದ್ದದ್ದು, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಕಿರಿಕಿರಿಗೊಂಡ ಆಂಡ್ರೆಸ್ ಫ್ರಾಯಿಂಡ್ ಅವರಿಂದ. ಅವರು ಭದ್ರತಾ ತಜ್ಞರಲ್ಲ, ಡೇಟಾಬೇಸ್ ಕೆಲಸದವರು.

ನಾವೂ ಅವರಂತೆ ನಮ್ಮ ಕಿರಿಕಿರಿಗಳನ್ನು ಬೆನ್ನತ್ತಿ ವರದಿ ಮಾಡೋಣ. ಮುಂದಿನ ಭಾನುವಾರ ಇದೇ ಸಭಾಂಗಣ ಬಿಡುವಾಗಿದೆಯಂತೆ. ಕನ್ನಡ ಒಡೆದು ಕಾಣುವ ಕಡತ ನಿಮ್ಮಲ್ಲಿದ್ದರೆ ತನ್ನಿ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರದ್ದು ಬೇಡ, ಅದು ಬೇರೆಯದೇ ರಾಮಾಯಣ. ಒಬ್ಬರು ಹೆಜ್ಜೆಗಳನ್ನು ಬರೆಯಲಿ, ಪಕ್ಕದವರು ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನೇ ಮಾಡಿ ನೋಡಲಿ, ಇಂಗ್ಲಿಷಿಗೆ ತಿರುಗಿಸಲು ಕಾಲೇಜಿನ ಮಕ್ಕಳಿದ್ದಾರೆ. ಪಿಡಿಎಫ್ ಅಲ್ಲ, ಮೂಲ ಕಡತವೇ ಬೇಕು. ಅದರಲ್ಲಿ ಬ್ಯಾಂಕ್ ಖಾತೆಯೋ ಆಧಾರ್ ಸಂಖ್ಯೆಯೋ ಇದ್ದರೆ ಅಳಿಸಿಕೊಂಡು ಬನ್ನಿ. ವರದಿಗೆ ಲಗತ್ತಿಸಿದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು.