ಎರೆಭೂತದ ಮರಿಗಳೂ ವಂಶವೈವಿಧ್ಯವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕೊತ್ತಪಲ್ಲಿಯ ಸುತ್ತಣ ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ಒಂದೇ ಅಂಗಳದಲ್ಲಿ ಬೆಳೆದಿವೆ. ನಾನು ಇಂದು ಹೇಳಹೊರಟಿರುವ ಹಕ್ಕಿಗೂ ಎರಡು ಭಾಷೆಗಳಲ್ಲಿ ಹೆಸರುಂಟು. ತೆಲುಗರು ಅದನ್ನು ಬಟ್ಟಮೇಕವೆನ್ನುವರು, ಕನ್ನಡಿಗರು ಎರೆಭೂತವೆನ್ನುವರು. ಎರೆಯೆಂದರೆ ನಾವು ಜೋಳ ಬಿತ್ತುವ ಕರಿಯ ಮಣ್ಣು. ಬಯಲು ಸೀಮೆಯ ನೆಲವೇ ಈ ಪಕ್ಷಿಗೆ ಹೆಸರಾಯಿತು.

ಎರೆಭೂತವು ಸುಮಾರು ಒಂದು ಮೀಟರು ಎತ್ತರವಿದ್ದು, ಬಲಿತ ಗಂಡು 15 ಕಿಲೋಗ್ರಾಂವರೆಗೂ ತೂಗಬಲ್ಲುದು. ಹಾರುವ ಪಕ್ಷಿಗಳಲ್ಲಿ ಇಷ್ಟು ಭಾರವಾದವು ಲೋಕದಲ್ಲಿಯೇ ವಿರಳ. ಅದು ಗಿಡದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುವುದು. ತಾಯಿಯೊಂದೇ ಸುಮಾರು ನಾಲ್ಕು ವಾರ ಕಾವು ಕೊಟ್ಟು, ಮರಿಯನ್ನು ಬಹುಕಾಲ ಜೊತೆಗಿಟ್ಟುಕೊಂಡು ಸಾಕುವುದು. ಆದುದರಿಂದ ಒಂದು ಮೊಟ್ಟೆ ಕೆಟ್ಟರೆ ಆ ಕಾಲದ ಸಂತಾನವೇ ಹೋದಂತೆ. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ರಾಷ್ಟ್ರಪಕ್ಷಿಯ ಪದವಿಗೆ ಇದನ್ನೇ ಸೂಚಿಸಿದ್ದರು. 1963ರಲ್ಲಿ ಆ ಗೌರವವು ನವಿಲಿಗೆ ಸಂದಿತು.

ಇಂದು ಕಾಡಿನಲ್ಲಿ ಉಳಿದಿರುವ ಎರೆಭೂತಗಳು ದೇಶದಲ್ಲೆಲ್ಲ ಸೇರಿ ಸುಮಾರು 150 ಎಂದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಗದ್ವಾಲದಿಂದ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿ ಹೋದರೆ, ಹಿಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡು ಸಿಕ್ಕುವುದು. ಈ ಹಕ್ಕಿಗಾಗಿಯೇ 1988ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಆದರೂ ಇಂದು ಅಲ್ಲಿ ಅದರ ದರ್ಶನ ಅತಿ ದುರ್ಲಭ. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ಮರಗಳು ಎದ್ದು ನಿಂತ ಮೇಲೆ, ಬಯಲನ್ನೇ ನಂಬಿದ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಮಾತ್ರ ಬೆರಳೆಣಿಕೆಯಷ್ಟು ಉಳಿದಿವೆ. ಹುಲ್ಲುಗಾವಲಿನ ನಾಶ, ಬೇಟೆ, ನಾಯಿಗಳ ಕಾಟ, ವಿದ್ಯುತ್ ತಂತಿಗಳಿಗೆ ತಾಗಿ ಸಾಯುವುದು, ಇವು ಈ ದುರ್ಗತಿಗೆ ಮುಖ್ಯ ಕಾರಣಗಳು.

ಆದರೆ ಕಣ್ಣಿಗೆ ಕಾಣದ ಇನ್ನೊಂದು ಅಪಾಯವುಂಟು. ಅದನ್ನೇ ಇಂದು ವಿವರಿಸಬೇಕೆಂದಿರುವೆನು.

ಪ್ರತಿಯೊಂದು ಪ್ರಾಣಿಯ ದೇಹಗುಣಗಳನ್ನು ನಿರ್ಣಯಿಸುವ ವಂಶವಾಹಿಗಳು ಜೋಡಿಜೋಡಿಯಾಗಿರುವುವು. ಜೋಡಿಯಲ್ಲಿ ಒಂದು ತಾಯಿಯಿಂದಲೂ ಮತ್ತೊಂದು ತಂದೆಯಿಂದಲೂ ಬರುವುದು. ಒಂದು ದೋಷವುಳ್ಳದ್ದಾದರೂ ಮತ್ತೊಂದು ಸರಿಯಾಗಿದ್ದರೆ, ಅನೇಕ ವೇಳೆ ಆ ದೋಷ ಹೊರಗೆ ತೋರುವುದಿಲ್ಲ. ಗುಂಪು ಚಿಕ್ಕದಾಗಿ, ಹತ್ತಿರದ ಬಳಗದಲ್ಲಿಯೇ ಜೋಡಿಯಾಗತೊಡಗಿದರೆ, ಅದೇ ದೋಷವು ಎರಡು ಕಡೆಯಿಂದಲೂ ಮರಿಗೆ ಬರುವ ಸಂಭವ ಹೆಚ್ಚುವುದು. ಆಗ ಕೆಲವು ಮರಿಗಳು ಮೊಟ್ಟೆಯೊಳಗೇ ಸಾಯುವುವು; ಹೊರಬಂದವುಗಳಲ್ಲಿಯೂ ಹಲವು ಬಲಹೀನವಾಗಿರುವುವು, ರೋಗವನ್ನು ತಡೆಯಲಾರವು. ತಿಳಿದ ಕುರುಬನು ಒಂದೇ ಟಗರನ್ನು ಅದರ ಮರಿಗಳ ಮೇಲೆಯೂ ಬಿಡದೆ, ಬೇರೆ ಹಿಂಡಿನ ಟಗರನ್ನು ತರುವುದು ಇದಕ್ಕಾಗಿಯೇ. ರಕ್ತಸಂಬಂಧದಲ್ಲಿ ಮದುವೆ ಮಾಡುವವರಿಗೆ ವೈದ್ಯರು ಎಚ್ಚರಿಕೆ ಹೇಳುವುದೂ ಈ ಕಾರಣದಿಂದಲೇ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಸ್ಪಷ್ಟವಾದ ನಿದರ್ಶನವಿದೆ. ಅಲ್ಲಿಯೂ ನಮ್ಮಲ್ಲಿಯಂತೆಯೇ ಹುಲ್ಲುಗಾವಲುಗಳನ್ನು ಉತ್ತು ಹೊಲ ಮಾಡಿದರು. ಹುಲ್ಲುಗಾವಲಿನ ಒಂದು ಬಗೆಯ ಕಾಡುಕೋಳಿ 1962ರಲ್ಲಿ ಸುಮಾರು 2,000 ಇದ್ದದ್ದು, 1994ರ ಹೊತ್ತಿಗೆ 50ಕ್ಕಿಂತ ಕಡಿಮೆಯಾಯಿತು. ಉಳಿದ ನೆಲವನ್ನು ಕಾಪಾಡಿದರೂ, ಹೆಚ್ಚು ಹುಲ್ಲು ಬೆಳೆಸಿದರೂ ಸಂಖ್ಯೆ ಏರಲಿಲ್ಲ. ಕೋಳಿಗಳು ಮೊಟ್ಟೆಯನ್ನೇನೋ ಇಡುತ್ತಿದ್ದವು. ಆದರೆ ಮೊದಲು ನೂರಕ್ಕೆ 90ಕ್ಕೂ ಮೇಲೆ ಒಡೆದು ಮರಿಯಾಗುತ್ತಿದ್ದ ಮೊಟ್ಟೆಗಳಲ್ಲಿ, ಬರಬರುತ್ತ ಮುಕ್ಕಾಲು ಪಾಲೂ ಮರಿಯಾಗದೆ ಹೋದವು. ವಿಜ್ಞಾನಿಗಳು ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಕೋಳಿಗಳ ವಂಶವಾಹಿಗಳೊಡನೆ ಹೋಲಿಸಿ ನೋಡಿದಾಗ, ಪೂರ್ವಜರಲ್ಲಿದ್ದ ವೈವಿಧ್ಯದಲ್ಲಿ ಒಂದು ಭಾಗ ನಷ್ಟವಾಗಿದ್ದುದು ಕಂಡುಬಂದಿತು. 1992ರಿಂದ ಮಿನೆಸೋಟ, ಕಾನ್ಸಾಸ್, ನೆಬ್ರಾಸ್ಕಗಳ ದೊಡ್ಡ ಗುಂಪುಗಳಿಂದ ಕೋಳಿಗಳನ್ನು ತಂದು ಅಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಮೊಟ್ಟೆಗಳು ಮೊದಲಿನಂತೆ ನೂರಕ್ಕೆ 90ಕ್ಕೂ ಮೇಲೆ ಒಡೆಯತೊಡಗಿದವು. ಆದರೂ ಹುಲ್ಲುಗಾವಲು ಚಿಕ್ಕದಾಗಿಯೇ ಉಳಿದುದರಿಂದ ಹಕ್ಕಿಗಳು ಮತ್ತೆ ಕುಗ್ಗಿದವು. 2014ರಲ್ಲಿ ಪುನಃ ಕಾನ್ಸಾಸಿನಿಂದ ತರಬೇಕಾಯಿತು. ಹೊಸ ರಕ್ತವೂ ಬೇಕು, ವಿಸ್ತಾರವಾದ ನೆಲವೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ನಮ್ಮ ಎರೆಭೂತದ ಸಂಗತಿಯೇನು? 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಐದು ರಾಜ್ಯಗಳಿಂದ ಸಂಗ್ರಹಿಸಿದ 63 ಮಾದರಿಗಳಲ್ಲಿ ತಾಯಿಯ ಕಡೆಯಿಂದ ಬರುವ ಡಿಎನ್‌ಎಯನ್ನು ಪರೀಕ್ಷಿಸಿದರು. ದೊರೆತ ಬಗೆಗಳು ಕೇವಲ ಮೂರು! ಇಷ್ಟು ಸಣ್ಣ ಬಂಡವಾಳದಲ್ಲಿ ಇನ್ನೂ ನಷ್ಟವಾದರೆ ತುಂಬುವುದು ಎಲ್ಲಿಂದ? ಇಲಿನಾಯಿಗೆ ನೆರೆಯಲ್ಲಿ ದೊಡ್ಡ ಗುಂಪುಗಳಿದ್ದವು. ಎರೆಭೂತಕ್ಕೆ ಭಾರತವನ್ನು ಬಿಟ್ಟರೆ ಸಾಲ ಕೊಡುವ ಬಳಗವು ಇಲ್ಲವೆನ್ನುವಷ್ಟು ಅಲ್ಪ.

ಆದುದರಿಂದಲೇ 2019ರಿಂದ ಜೈಸಲ್ಮೇರಿನ ಮರುಭೂಮಿಯಲ್ಲಿ, ಕಾಡಿನ ಮೊಟ್ಟೆಗಳನ್ನು ಎಚ್ಚರಿಕೆಯಿಂದ ತಂದು, ಯಂತ್ರದ ಕಾವಿನಲ್ಲಿ ಮರಿಮಾಡಿ ಸಾಕುವ ಕಾರ್ಯ ನಡೆದಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಇಂಥ ಕಾರ್ಯದಲ್ಲಿ ಮರಿಗಳನ್ನು ಎಣಿಸಿದರೆ ಸಾಲದು. ಯಾವುದು ಯಾವ ತಾಯಿತಂದೆಗಳ ಮರಿಯೆಂದು ಬರೆದಿಟ್ಟು, ಬೇರೆ ಬೇರೆ ವಂಶಗಳನ್ನು ಕೂಡಿಸಬೇಕು. ದೂರದ ಸಿರುಗುಪ್ಪದ ಒಂದೆರಡು ಹಕ್ಕಿಗಳಿಗೆ ಇಷ್ಟು ಬೆಲೆಯೇಕೆಂದು ಕೇಳುವವರಿಗೆ ಇದೇ ಉತ್ತರ: ಅಲ್ಲಿಯ ಒಂದು ಹಕ್ಕಿ ಸತ್ತರೆ ಎಣಿಕೆಯಲ್ಲಿ ಒಂದು ಕಡಿಮೆಯಾಗುವುದಷ್ಟೇ ಅಲ್ಲ, ಮತ್ತೆಲ್ಲಿಯೂ ಇರದ ಗುಣವೊಂದು ಅದರೊಡನೆಯೇ ಅಳಿಯಬಹುದು.

ವಿದ್ಯಾರ್ಥಿಗಳೇ, ಎರೆಭೂತವು ನಿಮ್ಮ ಕಣ್ಣಿಗೆ ಬೀಳುವುದು ದುರ್ಲಭ. ಆದರೆ ಗೌಜುಗ, ಬುರ್ಲಿ, ನೆಲಗುಬ್ಬಿ ಮೊದಲಾಗಿ ನೆಲದಲ್ಲಿಯೇ ಮೊಟ್ಟೆಯಿಡುವ ಹಕ್ಕಿಗಳು ನಿಮ್ಮ ಹೊಲದ ಬದುವಿನಲ್ಲಿಯೇ ಇವೆ. ಅವುಗಳ ಮೊಟ್ಟೆಗಳನ್ನು ಮುಟ್ಟದಿರಿ. ಮರಿಗಳನ್ನು ಹಿಡಿದು ತರದಿರಿ. ಪಾಲಕರಲ್ಲಿ ನನ್ನ ವಿನಂತಿಯೂ ಚಿಕ್ಕದೇ. ಬದುವಿನ ಹುಲ್ಲಿಗೆ ಬೆಂಕಿಯಿಡಬೇಡಿರಿ. ಊರ ಗೋಮಾಳವನ್ನು ಬರಿಯ ಬಂಜರೆಂದು ಬಗೆಯಬೇಡಿರಿ. ಒಂದು ಹುಲ್ಲಿನ ಪಟ್ಟಿಯಿಂದ ಮತ್ತೊಂದಕ್ಕೆ ದಾರಿಯಿದ್ದರೆ ಹಕ್ಕಿಯ ಬಳಗವೂ ಬೆರೆಯುವುದು. ದಾರಿ ಮುಚ್ಚಿದರೆ ಒಂದೊಂದು ಗುಂಪೂ ದ್ವೀಪವಾಗುವುದು.

ನಾಳೆಯ ಜೋಳಕ್ಕಾಗಿ ಒಳ್ಳೆಯ ಬೀಜವನ್ನು ಹಗೇವಿನಲ್ಲಿ ಕಾದಿಟ್ಟವರು ನಮ್ಮ ಹಿರಿಯರು. ಹೊಟ್ಟೆಗಿಲ್ಲದ ವರ್ಷದಲ್ಲಿಯೂ ಬಿತ್ತನೆಯ ಕಾಳನ್ನು ಮುಟ್ಟುವ ಮೊದಲು ಅವರು ಹತ್ತು ಸಲ ಯೋಚಿಸುತ್ತಿದ್ದರು. ಕಾಡಿನ ಹಕ್ಕಿಗಳ ವಂಶವೈವಿಧ್ಯವೂ ಅಂಥದೇ ಬಿತ್ತನೆಯ ಕಾಳು. ಅದನ್ನು ಉಳಿಸುವ ವಿವೇಕ ನಮ್ಮ ಮಕ್ಕಳಲ್ಲಿ ಬೆಳೆಯಲೆಂದು ಹಾರೈಸುವೆನು.