ತಿಳಿಯದೆ ‘ಹೂಂ’ ಅನ್ನಬೇಡಿ! ಕಡಿಮೆ ಬೆಲೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಕನ್ನಡದ ಹುಡುಗರಿಗೆ ನಾಲ್ಕು ಮಾತು

(ಮುಗದದಲ್ಲಿ ಸೇರಿದ್ದ ಹುಬ್ಬಳ್ಳಿ-ಧಾರವಾಡದ ಕನ್ನಡ ಯುವಜನರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ಕನ್ನಡದ ವೇದಿಕೆ ಹತ್ತಿದವರು ಗಡಿಯ ಬಗ್ಗೆ, ನೀರಿನ ಬಗ್ಗೆ, ನೌಕರಿಯ ಬಗ್ಗೆ ಮಾತಾಡುವುದು ರೂಢಿ. ಮಾತಾಡಲೇಬೇಕು. ಆದರೆ ಇವತ್ತು ನಾನು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಒಂದು ಹಲಗೆಯ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಗ್ರಾಫಿಕ್ಸ್ ಕಾರ್ಡ್. ‘ಆಟದ ಸಾಮಾನಿಗೂ ಕನ್ನಡಕ್ಕೂ ಏನ್ರೀ ಸಂಬಂಧ?’ ಎಂದು ಹಿರಿಯರು ಕೇಳಬಹುದು. ಸಂಬಂಧ ಇದೆ. ಹೇಳುತ್ತೇನೆ, ಕೇಳಿ.

ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬರುತ್ತಾನೆ. ಐಟಿಐ ಓದುತ್ತಾನೆ. ಅವರಪ್ಪ ಭತ್ತ ಮಾರಿದ ದುಡ್ಡಿನಲ್ಲಿ ಒಂಬತ್ತು ಸಾವಿರ ತೆಗೆದು ಮಗನ ಕೈಗಿಟ್ಟ. ಹುಡುಗ ಪೇಟೆಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ತಂದ. ಹಾಕಿ ನೋಡಿದರೆ ಆಟ ಎತ್ತಿನ ಗಾಡಿ ಹತ್ತಿ ಕೂತಿತ್ತು! ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ಕೊಳ್ಳೋ ಮುಂದ ಕೇಳಲಿಲ್ಲೇನೋ ತಮ್ಮಾ?’ ಅಂದೆ. ‘ಅಂವಾ ಇಂಗ್ಲಿಷ್‌ನ್ಯಾಗ ಏನೇನೋ ಹೇಳಿದಾ ಕಾಕಾ. ತಿಳೀಲಿಲ್ಲ. ನಾಚಿಕಿ ಬಂತು, ಹೂಂ ಅಂದೆ’ ಅಂದ.

ಕೇಳಿದಿರಾ? ಒಂದು ‘ಹೂಂ’ಗೆ ಒಂಬತ್ತು ಸಾವಿರ! ನಮ್ಮ ನೆಲದಲ್ಲಿ, ನಮ್ಮ ದುಡ್ಡು ಕೊಟ್ಟು, ನಮ್ಮ ಹುಡುಗ ತಲೆತಗ್ಗಿಸಿ ‘ಹೂಂ’ ಅಂದು ಬರುತ್ತಾನೆ. ಇದು ಯಾವ ಸೀಮೆಯ ನ್ಯಾಯ?

ಈಗ ಈ ಮುಗದದ ರೈತನನ್ನು ನೋಡಿ. ಇಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. ‘ಮುಗದ ಸುಗಂಧ’ ಎಂಬ ತಳಿಗೆ ಈ ಊರಿನದೇ ಹೆಸರು. ರೈತ ಬೀಜ ಕೊಳ್ಳುವಾಗ ಚೀಲದ ಮೇಲಿನ ಹೆಸರು ನೋಡಿ ಸುಮ್ಮನಾಗುವುದಿಲ್ಲ. ಚೀಟಿ ನೋಡುತ್ತಾನೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ. ಮೊಳಕೆ ಎಷ್ಟು, ಯಾವ ವರ್ಷದ್ದು ಎಂದು ಕೇಳುತ್ತಾನೆ. ಹೆಸರು ಬೇರೆ, ಕಾಳು ಬೇರೆ ಎಂಬುದು ಅವನಿಗೆ ಗೊತ್ತು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗಲೂ ಇದೇ ಬುದ್ಧಿ ಬೇಕು. ಅಲ್ಲಿ ನೀಲಿ ಚೀಟಿ ಇಲ್ಲ. ಆದ್ದರಿಂದ ಐದು ಪ್ರಶ್ನೆಗಳನ್ನು ನೀವೇ ಕೇಳಬೇಕು.

ಮೊದಲನೆಯದು: ಯಾವ ಆಟ ಆಡುತ್ತೀರಿ, ಯಾವ ಪರದೆಯ ಮೇಲೆ?

ಇವತ್ತಿನ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20,73,600 ಚುಕ್ಕಿ. ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು! ಈ ಕೂಲಿ ಮಾಡುವುದೇ ಗ್ರಾಫಿಕ್ಸ್ ಕಾರ್ಡ್. ವ್ಯಾಲೊರಂಟ್‌ನಂಥ ಹಗುರ ಆಟಕ್ಕೆ ಹಳೆಯ ಸಣ್ಣ ಕಾರ್ಡೂ ಸಾಕು. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಆಟಕ್ಕೆ ಕೂಡ ಇವತ್ತಿನ ದುಬಾರಿ ಕಾರ್ಡ್ ಬೇಕಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವವರಾದರೆ ರೈಜನ್ 5600ಜಿ, 8600ಜಿ ಪ್ರೊಸೆಸರುಗಳ ಒಳಗೇ ಚಿತ್ರ ಬಿಡಿಸುವ ಭಾಗವಿದೆ. ಒಂದೇ 16 ಜಿಬಿ ರ‍್ಯಾಮ್ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿ ಹಾಕಿದರೆ ಅದು ಇನ್ನೂ ಚುರುಕಾಗುತ್ತದೆ. ಹಗುರ ಆಟ ಸಾಕೆನ್ನುವವರು ಬೇರೆ ಕಾರ್ಡಿನ ದುಡ್ಡನ್ನೇ ಉಳಿಸಬಹುದು. ಇದನ್ನು ಅಂಗಡಿಯವರು ಯಾಕೆ ಹೇಳಿಯಾರು?

ಎರಡನೆಯದು: ಒಂದೇ ಹೆಸರಿನಲ್ಲಿ ಎಷ್ಟು ತಳಿ ಇವೆ? ನಿಮ್ಮ ಕೈಯಲ್ಲಿರುವುದು ಯಾವುದು?

ಇಲ್ಲೇ ದೊಡ್ಡ ಮೋಸ ಹೋಗುವುದು. ಎನ್‌ವಿಡಿಯಾ ಕಂಪನಿಯ ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಬಂತು. ಅದರ ಮೆಮರಿ ಜಿಡಿಡಿಆರ್5, ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮರಿಯ ಕಾರ್ಡ್ ಬಂತು. ಅದು ಸಾಗಿಸುವುದು ಸುಮಾರು 17 ಜಿಬಿ ಮಾತ್ರ! ಎರಡರಲ್ಲೂ 2 ಜಿಬಿ ಮೆಮರಿ, ಎರಡಕ್ಕೂ ಅದೇ ಹೆಸರು. ನಾನು ಪ್ರೆಸ್ಸಿನವನು, ನನ್ನ ಭಾಷೆಯಲ್ಲಿ ಹೇಳುತ್ತೇನೆ: ಯಂತ್ರ ಎಷ್ಟೇ ಜೋರಾಗಿ ಓಡಲಿ, ಕಾಗದ ಕೊಡುವ ಕೈ ನಿಧಾನವಾದರೆ ಅಚ್ಚು ಹೊರಬರುವುದೂ ನಿಧಾನವೇ. ಮೆಮರಿ ಎಂದರೆ ಆ ಕಾಗದ ಕೊಡುವ ಕೈ.

ಇನ್ನೊಂದು ಉದಾಹರಣೆ, ಆರ್‌ಟಿಎಕ್ಸ್ 3050. 2022ರಲ್ಲಿ ಬಂದದ್ದು 8 ಜಿಬಿ, 2560 ಕೋರ್, ಮೆಮರಿಯ ದಾರಿ 128 ಬಿಟ್. 2024ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು 6 ಜಿಬಿ, 2304 ಕೋರ್, 96 ಬಿಟ್. ‘6 ಜಿಬಿ ಅಂದ್ರ ಮೆಮರಿ ಅಷ್ಟ ಕಡಿಮಿ’ ಎಂದುಕೊಳ್ಳಬೇಡಿ. ಕೋರೂ ಕಡಿಮೆ, ದಾರಿಯೂ ಕಿರಿದು. ಎಎಂಡಿಯದೂ ಇದೇ ಕಥೆ. ಆರ್‌ಎಕ್ಸ್ 580 ಎಂಬ ಹಳೆಯ ಕಾರ್ಡಿನಲ್ಲಿ 2304 ಕೋರ್ ಇರುತ್ತಿತ್ತು. 2048 ಕೋರಿನ ಮತ್ತೊಂದು ತಳಿಯೂ ಅದೇ 580ರ ಹೆಸರು ಹೊತ್ತು ಬಂತು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಸಂಖ್ಯೆಯ ಪಕ್ಕ ಸಣ್ಣ ಅಕ್ಷರದಲ್ಲಿ ಏನಿದೆ ಎಂಬುದನ್ನು ಓದಿ. ಅಚ್ಚು ಹಾಕುವವನಾಗಿ ಹೇಳುತ್ತೇನೆ, ಮುಚ್ಚಿಡಬೇಕಾದ ಮಾತಿಗೇ ಸಣ್ಣ ಅಕ್ಷರ ಬಳಸುತ್ತಾರೆ!

ಮೂರನೆಯದು: ನಿಮ್ಮ ಹಳೆಯ ಮದರ್‌ಬೋರ್ಡಿಗೆ ಇದು ಹೊಂದುತ್ತದೆಯೇ?

2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡ್ ನೋಡಿ. ಬೇರೆ ಹೆಚ್ಚಿನ ಕಾರ್ಡುಗಳು ಮದರ್‌ಬೋರ್ಡಿನೊಂದಿಗೆ 8 ಇಲ್ಲವೇ 16 ದಾರಿಯಲ್ಲಿ ಮಾತಾಡಿದರೆ ಇದಕ್ಕೆ ಇರುವುದು 4 ದಾರಿ. ಹೊಸ ಪಿಸಿಐ 4 ಬೋರ್ಡಿನಲ್ಲಿ ಹೇಗೋ ನಡೆದೀತು. ಹಳೆಯ ಪಿಸಿಐ 3 ಬೋರ್ಡಿನಲ್ಲಿ ಆ ದಾರಿಯ ವೇಗವೂ ಅರ್ಧ. ಇದರ ಮೆಮರಿ 4 ಜಿಬಿ. ಅದು ತುಂಬಿದಾಗ ಆಟ ಆ ಇಕ್ಕಟ್ಟಿನ ದಾರಿಯಲ್ಲಿ ಸಾಮಾನು ತರಬೇಕು, ಆಗ ತಡವರಿಸುತ್ತದೆ. ಆಟವನ್ನು ವಿಡಿಯೊ ಮಾಡಿಕೊಳ್ಳಲು ಬೇಕಾದ ಎನ್‌ಕೋಡರೂ ಇದರಲ್ಲಿಲ್ಲ. ವಿಪರ್ಯಾಸ ನೋಡಿ, ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವರ ಹತ್ತಿರವೇ ಹಳೆಯ ಬೋರ್ಡ್ ಇರುವುದು! ಹಾಗೆಯೇ 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಮೆಮರಿ ಇದೆ, ಬೆಲೆಗೆ ತಕ್ಕ ಮಾಲು. ಆದರೆ ಅದಕ್ಕೆ ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯವಿರುವ ಬೋರ್ಡ್ ಬೇಕು. ಬಹಳ ಹಳೆಯ ಕಂಪ್ಯೂಟರಿಗೆ ಹಾಕಿದರೆ ದುಡ್ಡು ದಂಡ.

ನಾಲ್ಕನೆಯದು: ಕರೆಂಟು ಎಷ್ಟು ಬೇಕು?

ಮದರ್‌ಬೋರ್ಡಿನ ಸ್ಲಾಟು ಕೊಡುವುದು 75 ವ್ಯಾಟ್. 70 ವ್ಯಾಟಿನ 3050, 6 ಜಿಬಿ ಕಾರ್ಡಿಗೆ ಅದೇ ಸಾಕು. 132 ವ್ಯಾಟಿನ ಆರ್‌ಎಕ್ಸ್ 6600ಕ್ಕೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಬೇಕು. ಆಫೀಸಿನ ಹಳೆಯ ಕಂಪ್ಯೂಟರುಗಳಲ್ಲಿ ಆ ಕೇಬಲ್ಲೇ ಇರುವುದಿಲ್ಲ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ನಂಬಿ ದೊಡ್ಡ ಕಾರ್ಡ್ ಹಾಕಿದರೆ ಹೊಗೆ ಬಂದೀತು. ಎಸ್‌ಎಂಪಿಎಸ್ ಖರ್ಚನ್ನೂ ಕಾರ್ಡಿನ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ.

ಐದನೆಯದು: ಬಿಲ್ಲು ಕೊಡುತ್ತಾರೆಯೇ? ಗ್ಯಾರಂಟಿ ಯಾರದು?

ಗ್ರಾಫಿಕ್ಸ್ ಕಾರ್ಡಿಗೆ ಜಿಎಸ್‌ಟಿ 18%. ನೀವು 20,000 ಕೊಟ್ಟರೆ ಅದರಲ್ಲಿ ಸುಮಾರು 3,050 ರೂಪಾಯಿ ತೆರಿಗೆ. ‘ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀನಿ’ ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ಲಿಲ್ಲದಿದ್ದರೆ ನಾಳೆ ಕೆಟ್ಟಾಗ ನಿಮ್ಮ ಮಾತಿಗೆ ಸಾಕ್ಷಿಯಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇನ್ನೂ ಎಚ್ಚರವಾಗಿರಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ವ್ಯವಸ್ಥೆ ಬದಲಾಗಿ, ಕಾರ್ಡಿನಿಂದ ಆ ನಾಣ್ಯ ಗಳಿಸುವ ದಂಧೆ ನಿಂತಿತು. ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ಬಂದವು. ಅಂಥದ್ದು ಎದುರಿಗೆ ಅರ್ಧ ಗಂಟೆ ಆಟ ಓಡಿಸಿ ತೋರಿಸದೆ ಹೋದರೆ ಮುಟ್ಟಬೇಡಿ. ‘ಜಿಪಿಯು-ಝಡ್’ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರೆ ಡಬ್ಬಿ ಏನೇ ಹೇಳಲಿ, ಒಳಗಿರುವ ಚಿಪ್ ಯಾವುದು, ಮೆಮರಿ ಯಾವ ಜಾತಿ ಎಂದು ತೋರಿಸುತ್ತದೆ. ಅದೇ ನಿಮ್ಮ ನೀಲಿ ಚೀಟಿ.

ಈ ಐದೂ ಆದ ಮೇಲೆ ಒಂದು ಸಣ್ಣ ಲೆಕ್ಕ. ನೀವು ಆಡುವ ಆಟದಲ್ಲಿ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತದೆ ನೋಡಿ, ಬೆಲೆಯನ್ನು ಅದರಿಂದ ಭಾಗಿಸಿ. ಮಾತಿಗೆ ಹೇಳುತ್ತೇನೆ: 12,000ದ ಕಾರ್ಡ್ 40 ಚಿತ್ರ ಕೊಟ್ಟರೆ ಚಿತ್ರಕ್ಕೆ 300 ರೂಪಾಯಿ. 18,000ದ ಕಾರ್ಡ್ 72 ಚಿತ್ರ ಕೊಟ್ಟರೆ ಚಿತ್ರಕ್ಕೆ 250 ರೂಪಾಯಿ. ಕಡಿಮೆ ಬೆಲೆಯದೇ ತುಟ್ಟಿ ಬಿತ್ತು!

ನನ್ನ ಅಭಿಪ್ರಾಯ ಕೇಳಿದರೆ: 1080 ಪರದೆಗೆ, ಎಸ್‌ಎಂಪಿಎಸ್ ಗಟ್ಟಿಯಿದ್ದರೆ, 8 ಜಿಬಿಯ ಆರ್‌ಎಕ್ಸ್ 6600. 2021ರದ್ದಾದರೂ ಸಾಮಾನ್ಯ ಆಟಗಳಲ್ಲಿ ಎರಡೂ 3050ಗಳಿಗಿಂತ ಮುಂದಿದೆ. ಪ್ರತ್ಯೇಕ ಕೇಬಲ್ ಇಲ್ಲದ ಹಳೆಯ ಡಬ್ಬಕ್ಕೆ 3050, 6 ಜಿಬಿ. ಹಳೆಯ ಬೋರ್ಡಿಗೆ 6500 ಎಕ್ಸ್‌ಟಿ ಬೇಡ. ಆಟಕ್ಕೆಂದು ಜಿಟಿ 1030 ಬೇಡವೇ ಬೇಡ.

ಈಗ ಮೂಲ ಮಾತಿಗೆ ಬರುತ್ತೇನೆ. ಇಷ್ಟನ್ನೂ ನಾನು ಕನ್ನಡದಲ್ಲೇ ಹೇಳಿದೆ. ನಿಮಗೆ ತಿಳಿಯಿತು ತಾನೇ? ಹಾಗಾದರೆ ಡಬ್ಬಿಯ ಮೇಲೆ ಕನ್ನಡದಲ್ಲಿ ಇದನ್ನು ಬರೆಯಲು ಏನು ಧಾಡಿ? 2011ರ ಪೊಟ್ಟಣ ಸಾಮಗ್ರಿಗಳ ಕೇಂದ್ರ ನಿಯಮ ಏನು ಹೇಳುತ್ತದೆ ಗೊತ್ತೇ? ಡಬ್ಬಿಯ ಮೇಲಿನ ಕಡ್ಡಾಯ ವಿವರ ದೇವನಾಗರಿಯ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು! ಬೇರೆ ಭಾಷೆಯನ್ನು ಜೊತೆಗೆ ಬೇಕಾದರೆ ಹಾಕಿಕೊಳ್ಳಬಹುದಂತೆ. ನಮ್ಮ ಭಾಷೆಗೆ ‘ಬೇಕಾದರೆ’ ಎಂಬ ಜಾಗ! ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಮಾಡಿತು. ಸ್ವಾಗತ. ಆದರೆ ಈ ಚಿಪ್ಪುಗಳು ತಯಾರಾಗುವುದು ತೈವಾನ್, ಕೊರಿಯಾಗಳಲ್ಲಿ. ಆದೇಶದ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಹಾಗೆಂದು ಈ ಕಂಪನಿಗಳು ನಮಗೆ ದೂರದವೇ? ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ! ವಿನ್ಯಾಸ ಮಾಡಲು ಕರ್ನಾಟಕ ಬೇಕು, ಡಬ್ಬಿಯ ಮೇಲೆ ಕನ್ನಡದ ನಾಲ್ಕು ಸಾಲು ಬೇಡವೇ?

ಕಾಯಿದೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಸ್ತುವಿನ ಗುಣಮಟ್ಟ, ಬೆಲೆ ತಿಳಿಯುವ ಹಕ್ಕನ್ನು ನಿಮಗೆ ಕೊಟ್ಟಿದೆ. 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಹಿರಿಯರು ಕನ್ನಡದಲ್ಲಿ ಪುಸ್ತಕ ಬರಲಿ, ಜ್ಞಾನ ಬರಲಿ ಎಂದು ದುಡಿದರು. ಅವರ ಕಾಲಕ್ಕೆ ಅದು ಪಠ್ಯಪುಸ್ತಕವಾಗಿತ್ತು, ನಮ್ಮ ಕಾಲಕ್ಕೆ ಗ್ರಾಫಿಕ್ಸ್ ಕಾರ್ಡೂ ಆಗಲಿ!

ನಾನು ದೊಡ್ಡ ಓದು ಓದಿದವನಲ್ಲ, ಪಿಯುಸಿಯವನು. ನನ್ನ ಕೈಲಾಗುವುದು ಅಚ್ಚು ಹಾಕುವುದು. ಈ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಕರಪತ್ರ ಮಾಡಿದ್ದೇನೆ. ಹೋಗುವಾಗ ಬಾಗಿಲ ಬಳಿ ತೆಗೆದುಕೊಳ್ಳಿ, ದುಡ್ಡು ಬೇಡ. ಒಂದು ನಿಮ್ಮ ಜೇಬಿನಲ್ಲಿರಲಿ, ಒಂದನ್ನು ನಿಮ್ಮೂರಿನ ಕಂಪ್ಯೂಟರ್ ಅಂಗಡಿಯವರಿಗೆ ಮರ್ಯಾದೆಯಿಂದ ಕೊಟ್ಟು, ‘ಗೋಡೆಗೆ ಹಚ್ಚಿರಿ’ ಎನ್ನಿ. ಜಗಳ ಬೇಡ. ಅವರೂ ನಮ್ಮವರೇ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ಹೇಳದಿದ್ದರೆ ಮುಂದಿನ ಅಂಗಡಿಯಿದೆ.

ಆ ಐಟಿಐ ಹುಡುಗ ಇವತ್ತು ಇಲ್ಲೇ ಕೂತಿದ್ದಾನೆ. ಹೆಸರು ಹೇಳುವುದಿಲ್ಲ. ಅವನಿಗೂ ನಿಮಗೂ ನಾನು ಹೇಳುವುದು ಇಷ್ಟೇ: ತಿಳಿಯದ್ದನ್ನು ‘ತಿಳೀಲಿಲ್ಲ, ಕನ್ನಡದಾಗ ಹೇಳ್ರಿ’ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಅಪ್ಪನ ಬೆವರಿನ ದುಡ್ಡು ಕೈಯಲ್ಲಿದೆ ಎಂಬುದು ನೆನಪಿರಲಿ, ತಲೆಯೆತ್ತಿ ಕೇಳಿ.

ಸಿರಿಗನ್ನಡಂ ಗೆಲ್ಗೆ!